ಹಸಿರು ಚುಕ್ಕೆಯ ಗ್ಯಾರಂಟಿ

ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸಿದ್ದಕ್ಕೆ ಏಳು ಸಾವಿರ. ಅದು ಕೆಟ್ಟು ನಿಂತ ಮೇಲೆ ವ್ಯಾನನ್ನು ಡೊಂಬಿವಲಿಯಿಂದ ಕಲ್ಯಾಣದ ಗ್ಯಾರೇಜಿಗೆ ಹಗ್ಗ ಕಟ್ಟಿ ಎಳೆಸಿದ್ದಕ್ಕೆ ನೂರಿಪ್ಪತ್ತು. ಎಂಬತ್ತನಾಲ್ಕನೇ ಇಸವಿಯಲ್ಲಿ ಅದೇನು ಸಣ್ಣ ದುಡ್ಡಲ್ಲ. ಆ ಏಳು ಸಾವಿರದಲ್ಲಿ ನಾಲ್ಕು ಸಾವಿರ ಪ್ರೇಮನಾಥನ ಹೆಂಡತಿ ನಳಿನಾಕ್ಷಿ ಚೀಟಿ ಎತ್ತಿ ಕೊಟ್ಟದ್ದು. ಗ್ಯಾರೇಜಿನ ಯಂಕಣ್ಣ ಇನ್ನೊಮ್ಮೆ ದುಡ್ಡು ಕೇಳಿದರೆ ವ್ಯಾನು ಮಾರುವುದೊಂದೇ ದಾರಿ. ಮಾರಿದರೆ ತಳೋಜಾದ ಕಾರ್ಖಾನೆಗೆ ಮಧ್ಯಾಹ್ನದ ಊಟ ಸಾಗಿಸುವ ಗುತ್ತಿಗೆ ಹೋಗುತ್ತದೆ, ಪ್ರೇಮನಾಥ ಮತ್ತೆ ಭಾವನ ಹೋಟೆಲಿನಲ್ಲಿ ಹೆಗಲಿಗೆ ಬಟ್ಟೆ ಹಾಕಿಕೊಂಡು ಟೇಬಲ್ ಒರೆಸಬೇಕು.

"ಆರು ತಿಂಗಳ ಗ್ಯಾರಂಟಿ ಅಂದಿದ್ದಿರಿ. ಮೂರು ತಿಂಗಳೂ ಆಗಲಿಲ್ಲ ಮಾರಾಯ್ರೇ, ಗಡಗಡ ಅಂತ ನಿಂತೇಹೋಯಿತು," ಎಂದ ಪ್ರೇಮನಾಥ.

ಯಂಕಣ್ಣ ವಿಜಾಪುರದ ಕಡೆಯವ. ಮಾತಿಗಿಂತ ಮೊದಲು ಕಣ್ಣು ಹಾಯಿಸುವ ಮನುಷ್ಯ. ತನ್ನ ಗ್ಯಾರೇಜಿನಲ್ಲಿ ಕಟ್ಟಿದ ಎಂಜಿನ್ನಿನ ಪ್ರತಿ ಬೋಲ್ಟಿನ ಅಂಚಿಗೂ ಹಸಿರು ಬಣ್ಣದ ಒಂದು ಚುಕ್ಕೆ ಇಟ್ಟು ಕಳಿಸುವುದು ಅವನ ಪದ್ಧತಿ. ಬೇರೆಯವರು ಪಾನಾ, ಅಂದರೆ ಸ್ಪ್ಯಾನರ್, ಹಾಕಿ ತಿರುಗಿಸಿದರೆ ಚುಕ್ಕೆ ಒಡೆಯುತ್ತದೆ, ಗ್ಯಾರಂಟಿ ಮುಗಿಯುತ್ತದೆ. ಬಾನೆಟ್ ಎತ್ತಿ ಟಾರ್ಚು ಬಿಟ್ಟು ನೋಡಿದ.

"ಚುಕ್ಕೀನ ಇಲ್ಲಲ್ರೀ ಅಣ್ಣಾರ. ಒಂದೂ ಇಲ್ಲ. ಯಾರೋ ಬಿಚ್ಚ್ಯಾರ."

"ಯಾರೂ ಮುಟ್ಟಿಲ್ಲ, ದೇವರಾಣೆ."

"ಗ್ಯಾರೇಜಿಗೆ ಬರೋರೆಲ್ಲ ದೇವ್ರನ್ನ ಕರಕೊಂಡ ಬರ್ತಾರ್ರೀ. ನಾ ಬೋಲ್ಟಿನ ಮಾತು ಕೇಳಾಂವ."

ಪ್ರೇಮನಾಥನಿಗೆ ಆಗ ಹೊಳೆಯಿತು. ಹಳೆಯ ಟಯರಿನ ರಾಶಿಯ ಪಕ್ಕ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. "ಆಯುಧಪೂಜೆಗೆ ಎಂಜಿನ್ ತಿಕ್ಕಿದ್ದು ನೀನಲ್ವಾ?"

"ಹೌದು. ಇಲ್ಲಿಂದ ತಂದ ಸಂಜೆಯೇ ತಿಕ್ಕಿದೆ. ಬೆಳಗಾದರೆ ಪೂಜೆ, ಗ್ಯಾರೇಜಿನ ಜಿಡ್ಡಿನಲ್ಲೇ ಇಡುವುದಾ? ಯಾರೋ ಬಣ್ಣ ಸಿಡಿಸಿದ್ದಾರೆ ಅಂತ ಸೀಮೆಎಣ್ಣೆ ಹಾಕಿ ಬ್ರಶ್ಶಿನಲ್ಲಿ ಉಜ್ಜಿ ತೆಗೆದೆ. ನೀವೇ ಅಲ್ವಾ ಬಕೆಟ್ ಹಿಡಿದದ್ದು?"

"ಕೇಳಿದಿರಾ ಯಂಕಣ್ಣನವರೇ? ಏಳು ಸಾವಿರ ರೂಪಾಯಿಯನ್ನು ಉಜ್ಜಿ ಮೋರಿಗೆ ಬಿಟ್ಟಿದ್ದಾಳೆ ಮಹಾತಾಯಿ. ಬುದ್ಧಿ ಇದ್ದವರು ಮಾಡುವ ಕೆಲಸವಾ ಇದು?"

ಗ್ಯಾರೇಜಿನ ಹುಡುಗರು ತಲೆ ಎತ್ತಿ ನೋಡಿದರು. ನಳಿನಾಕ್ಷಿಯ ಮುಖ ಕೆಂಪಾಯಿತು.

"ಖಂಡೇಪೂಜಾ ನಾವೂ ಮಾಡ್ತೀವ್ರೀ," ಎಂದ ಯಂಕಣ್ಣ ಮೆತ್ತಗೆ. "ಆದ್ರ ಎಲ್ಲೆರ ಬಿಚ್ಚಿಸಿ, ಕಡೀಕ ತೊಳದ್ವಿ ಅಂದ್ರ ನಾ ಹ್ಯಾಂಗ ನಂಬ್ಲಿ?"

ನಳಿನಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಗಂಡನನ್ನು ದಾಟಿಯೇ ಮಾತಾಡಿದಳು. "ತೊಳೆದು ಹಾಗೇ ಬಿಡುತ್ತಾರಾ? ಬೊಟ್ಟು ಇಟ್ಟಿದ್ದೇನೆ. ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಡಬಾರದು ಅಂತ ಎಲ್ಲ ಬೋಲ್ಟಿಗೂ ಇಟ್ಟೆ. ಒಣ ಕುಂಕುಮ ಉದುರುತ್ತದೆ ಅಂತ ದೀಪದ ಎಣ್ಣೆಯಲ್ಲಿ ಕಲಸಿ ಇಟ್ಟೆ. ಮಸಿ ಕೆರೆದು ನೋಡಿ."

ಯಂಕಣ್ಣ ಉಗುರಿನಿಂದ ಕೆರೆದ. ಮಸಿಯ ಅಡಿಯಲ್ಲಿ ಕೆಂಪು ಕಾಣಿಸಿತು. ಬೊಟ್ಟು ಬೋಲ್ಟಿನ ತಲೆಯಿಂದ ಇಳಿದು ಕೆಳಗಿನ ಕಬ್ಬಿಣಕ್ಕೂ ಹರಿದು, ದಿನಾ ಓಡಿದ ಎಂಜಿನ್ನಿನ ಬಿಸಿಗೆ ಬೆಂದು ಅರಗಿನ ಹಾಗೆ ಕೂತಿತ್ತು. ಒಂದು ಬಿರುಕಿಲ್ಲ. ಪಕ್ಕದ್ದು ನೋಡಿದ, ಅದರಾಚೆಯದು ನೋಡಿದ. ಎಲ್ಲ ಇಟ್ಟ ಹಾಗೇ ಇದ್ದವು. ಪಾನಾ ತಾಗಿದ್ದರೆ ಒಂದಾದರೂ ಒಡೆಯಬೇಕಿತ್ತು.

"ಪೂಜಾದ ಹಿಂದಿನ ಸಂಜಿಕ ಗಾಡಿ ಕೊಟ್ಟಾಂವ ನಾನ. ನಡುವ ಯಾರರ ಬಿಚ್ಚಾಕ ಟೈಮ ಇಲ್ಲ," ಎಂದ ತನಗೆ ತಾನೇ. ಆಮೇಲೆ ಪ್ರೇಮನಾಥನನ್ನು ನೋಡಿದ. "ಯಾರೂ ಬಿಚ್ಚಿಲ್ರೀ. ಗ್ಯಾರಂಟಿ ಅದ."

ಪ್ರೇಮನಾಥ ವ್ಯಾನಿನ ಬಾಗಿಲು ಹಿಡಿದುಕೊಂಡ.

ಪಾನಾ ಕೈಗೆ ತೆಗೆದುಕೊಂಡ ಯಂಕಣ್ಣ ಹಾಗೇ ನಿಂತ. "ಅಕ್ಕಾರ, ಕುಂಕುಮದ ಮ್ಯಾಲ ನಾ ಹ್ಯಾಂಗ ಪಾನಾ ಹಾಕ್ಲಿ? ನೀವ ಒಂದೀಟು ಒರಸಿ ಕೊಡ್ರಿ."

"ನಾನು ಕುಂಕುಮ ಒರೆಸುವುದಿಲ್ಲ. ಗಂಡ ಎದುರಿಗೇ ಇದ್ದಾರೆ," ಎಂದಳು ನಳಿನಾಕ್ಷಿ. "ನೀವು ಪಾನಾ ಹಾಕಿ. ಕೆಟ್ಟದ್ದನ್ನು ಸರಿಮಾಡುವವರ ಮೇಲೆ ದೇವರಿಗೆ ಎಂತ ಸಿಟ್ಟು?"

ಯಂಕಣ್ಣ ಬೋಲ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತಿರುಗಿಸಿದ. ಹೆಡ್ಡು ಎತ್ತಿದಾಗ ಎಲ್ಲ ಬಯಲಾಯಿತು. ಮೂರು ಪಿಸ್ಟನ್ ಹೊಸವು. ನಾಲ್ಕನೆಯದು ಹಳೆಯದನ್ನೇ ತಿಕ್ಕಿ ಹಾಕಿದ್ದು, ಅದು ಒಡೆದು ಸಿಲಿಂಡರನ್ನು ಗೀರಿ ಹಾಕಿತ್ತು. ಯಂಕಣ್ಣ ಅಂದು ಪಿಸ್ಟನ್ ಜೋಡಿಸಿದ್ದ ಮಿಸ್ತ್ರಿಯ ಕಡೆ ಒಮ್ಮೆ ನೋಡಿದ. ಮಿಸ್ತ್ರಿ ನೆಲ ನೋಡಿದ.

"ಶನಿವಾರ ಸಂಜಿಕ ಬರ್ರಿ. ರೊಕ್ಕ ಬ್ಯಾಡ. ಹಗ್ಗದ ನೂರಿಪ್ಪತ್ತೂ ನಂದ," ಎಂದು ಯಂಕಣ್ಣ ಕಿಸೆಗೆ ಕೈ ಹಾಕಿದ.

ಸ್ಟೇಷನ್ನಿನವರೆಗೆ ಪ್ರೇಮನಾಥ ಒಬ್ಬನೇ ಮಾತಾಡಿದ. ಯಂಕಣ್ಣ ಒಳ್ಳೆಯ ಮನುಷ್ಯ ಎಂದ, ಸೋಮವಾರದಿಂದ ಗಾಡಿ ರಸ್ತೆಗೆ ಎಂದ, ವಡಾಪಾವ್ ತಿನ್ನುವಾ ಎಂದ. ನಳಿನಾಕ್ಷಿ ರೈಲಿನ ಹೆಂಗಸರ ಡಬ್ಬಿ ಹತ್ತಿದಳು.

ಶನಿವಾರ ಎಂಜಿನ್ ಸರಿಯಾಗಿ ಬಂತು, ಕಾರ್ಖಾನೆಯ ಗುತ್ತಿಗೆ ಉಳಿಯಿತು. ಹೋದದ್ದು ಬದಲಿ ಟೆಂಪೋಗೆ ಕೊಟ್ಟ ನಾಲ್ಕು ದಿನದ ಬಾಡಿಗೆ, ಮತ್ತು ಆ ನಾಲ್ಕು ದಿನ ನಳಿನಾಕ್ಷಿ ಗಂಡನೊಡನೆ ಆಡದೆ ಉಳಿಸಿಕೊಂಡ ಮಾತು.