ರುಚಿಕೋಣೆಯ ಕೇಕು

ಚಾಕು ಕೇಕಿಗೆ ಇಳಿಯುವಾಗ ಅವಳು ಕೇಕನ್ನು ನೋಡುತ್ತಿರಲಿಲ್ಲ, ಕನ್ನಡಕದವನ ಮುಖವನ್ನು ನೋಡುತ್ತಿದ್ದಳು. ಸಿಕ್ಕಿಬೀಳುವುದಾದರೆ ಇವತ್ತೇ, ಅದೂ ಇವನ ಕೈಗೇ ಎಂದು ಅವಳಿಗೆ ಖಾತ್ರಿಯಾಗಿತ್ತು.

ಎಳೆಮಕ್ಕಳ ಹಿಟ್ಟು ತಯಾರಿಸುವ ಕಾರ್ಖಾನೆಯ ರುಚಿಕೋಣೆ ಅದು. ಇದ್ದವರು ನಾಲ್ಕೇ ಜನ. ದಿನವೂ ಬೆಳಿಗ್ಗೆ ಹೊಸ ಹಿಟ್ಟನ್ನು ಕಲಸಿ ನಾಲ್ಕು ಬಟ್ಟಲಲ್ಲಿ ತಂದಿಡುತ್ತಿದ್ದರು. ನಾಲ್ವರೂ ಒಂದೊಂದು ಚಮಚ ಬಾಯಿಗಿಟ್ಟು, ಕಮಟು, ಕಹಿ, ಹಳಸಲು ಏನೂ ಇಲ್ಲವೆಂದು ಕಂಡರೆ 'ಸರಿ' ಎಂದು ಬರೆದು ಸಹಿ ಹಾಕಬೇಕು. ನಾಲ್ಕೂ ಸಹಿ ಬೀಳದೆ ಲಾರಿ ಗೇಟು ದಾಟುವಂತಿಲ್ಲ. ಹದಿನಾಲ್ಕು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದ ಅವಳನ್ನು ಎಲ್ಲರೂ 'ಚಿನ್ನದ ನಾಲಿಗೆ' ಎಂದೇ ಕರೆಯುತ್ತಿದ್ದರು.

ಆ ಚಿನ್ನ ತಾಮ್ರವಾಗಿ ಎರಡು ತಿಂಗಳಾಗಿತ್ತು. ಚಳಿಗಾಲದಲ್ಲಿ ಜ್ವರವೊಂದು ಕಾರ್ಖಾನೆಯನ್ನು ಸುತ್ತು ಹಾಕಿತ್ತು. ರುಚಿಕೋಣೆಗಂತೂ ವಾರವಿಡೀ ಬೀಗ. ಮಲಗಿ ಎದ್ದಾಗ ಅವಳ ಮೈ ನೆಟ್ಟಗಾಗಿತ್ತು, ನಾಲಿಗೆ ಆಗಿರಲಿಲ್ಲ. ಮಗಳು ಮಾಡಿಕೊಟ್ಟ ಕಾಫಿ ಬರೀ ಬಿಸಿನೀರಿನಂತಿತ್ತು. ಹೇಳಿಕೊಂಡರೆ ಕೆಲಸ ಹೋಗುತ್ತದೆ. ರುಚಿ ತಿಳಿಯದವಳಿಗೆ ರುಚಿಕೋಣೆಯಲ್ಲಿ ಏನು ಕೆಲಸ? ದುಡಿಯುವ ಇನ್ನೊಂದು ಕೈ ಮನೆಯಲ್ಲಿರಲಿಲ್ಲ.

ಅವಳೊಂದು ಉಪಾಯ ಹುಡುಕಿಕೊಂಡಳು. ಚಮಚ ಬಾಯಿಗಿಟ್ಟು ಉಳಿದ ಮೂವರ ಹುಬ್ಬು ನೋಡುವುದು. ಯಾರ ಹುಬ್ಬೂ ಗಂಟಿಕ್ಕದಿದ್ದರೆ 'ಸರಿ' ಎಂದು ಬರೆಯುವುದು. ಮೂರು ನಾಲಿಗೆ ನೆಟ್ಟಗಿರುವಾಗ ಒಂದು ಸತ್ತರೆ ಮುಳುಗಿಹೋಗುವುದೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆದರೂ ಹಾಲು ಕುಡಿಯುವ ಮಗುವನ್ನು ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದಳು.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಇತ್ತೀಚೆಗೆ ಕನ್ನಡಕದವ ಅವಳ ಹಾಳೆಯನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಅವಳು ಪೆನ್ನು ಎತ್ತುವ ತನಕ ಅವನು ಎತ್ತುತ್ತಿರಲಿಲ್ಲ. ಉದ್ದ ಜಡೆಯ ಹುಡುಗಿಯದೂ ಅದೇ ಪಾಡು: "ಮೊದಲು ನೀವು ಬರೀರಿ ಅಕ್ಕಾ, ನಿಮ್ಮದಾದ ಮೇಲೆ ನಂದು." ಮುಖ್ಯಸ್ಥರು ಗಡ್ಡ ಕೆರೆಯುತ್ತ ಅವಳ ಕಡೆಗೇ ನೋಡುತ್ತಿದ್ದರು. ಮೂವರೂ ಒಂದಾಗಿ ತನ್ನನ್ನು ಪರೀಕ್ಷಿಸುತ್ತಿದ್ದಾರೆ, ಸಂಶಯವೇ ಇಲ್ಲ. ಇವತ್ತು ಬೆಳಿಗ್ಗೆ ಹಿಟ್ಟಿನ ಬಣ್ಣ ತುಸು ಕಂದಿದಂತೆ ಕಂಡಿತ್ತು. ಅವಳು ಹುಬ್ಬುಗಳನ್ನು ನೋಡಿದಳು. ಒಂದೂ ಅಲುಗಲಿಲ್ಲ. 'ಸರಿ' ಎಂದು ಬರೆದಳು. ಹಿಂದೆಯೇ ಮೂರು ಪೆನ್ನು ಓಡಿದವು.

ಇಷ್ಟು ಸಾಲದೆಂಬಂತೆ ಈ ಕೇಕು. ಯಾರದೇ ಹುಟ್ಟುಹಬ್ಬ ಬಂದರೂ ಇನ್ನೊಬ್ಬರು ಮನೆಯಲ್ಲೇ ಕೇಕು ಮಾಡಿ ತರಬೇಕು, ಅಂಗಡಿಯದು ನಡೆಯದು. ಅದರಲ್ಲಿ ಒಂದು ಗುಟ್ಟಿನ ಪದಾರ್ಥವೂ ಇರಬೇಕು. ತಿಂದವರು ಅದನ್ನು ಕಂಡುಹಿಡಿಯಬೇಕು. ನಾಲಿಗೆಯಿಂದ ಬದುಕುವವರ ಜಂಬ ಅದು. ಈ ಸಲ ಮುಖ್ಯಸ್ಥರ ಹುಟ್ಟುಹಬ್ಬ, ಸರದಿ ಅವಳದು.

ರುಚಿ ನೋಡಿ ಹೇಳಲು ಮಗಳಾದರೂ ಇರಬೇಕಿತ್ತು. ಊರಿಂದ ಬಂದು ವಾರ ಉಳಿದುಕೊಂಡಿದ್ದ ಅಮ್ಮ ಮೊನ್ನೆ ಹೋಗುವಾಗ ಮೊಮ್ಮಗಳನ್ನೂ ಕರೆದುಕೊಂಡು ಹೋಗಿದ್ದರು. ಹೋಗುವ ಮುಂಚೆ ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದು, ತುಂಬಿ, ಸಾಲಾಗಿ ಜೋಡಿಸಿಟ್ಟಿದ್ದರು. ಅವಳು ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ ಹಾಕಿದಳು. ಗುಟ್ಟಿನ ಪದಾರ್ಥವೆಂದು ಕಿತ್ತಳೆ ಸಿಪ್ಪೆಯನ್ನು ತುರಿದು ಹಾಕಿದಳು. ಕೇಕು ಎಂದಿನಂತೆ ಕೆಂಪಗಾಗದೆ ಬಿಳಿಚಿಕೊಂಡಿತ್ತು. ಹಾಳು ಓವನ್ನು ಎಂದು ಬೈದುಕೊಂಡು ಡಬ್ಬಿಗೆ ಹಾಕಿಕೊಂಡು ಬಂದಿದ್ದಳು.

ಈಗ ಮೂವರೂ ಅಗಿಯುತ್ತಿದ್ದರು. ಅವಳೂ ಒಂದು ತುಂಡು ಬಾಯಿಗಿಟ್ಟಳು. ಮೆತ್ತಗಿತ್ತು, ಅಷ್ಟೇ ಗೊತ್ತಾಗಿದ್ದು. ಸಿಹಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ದೇವರೇ ಬಲ್ಲ.

"ಹೇಳಪ್ಪ, ಗುಟ್ಟೇನು?" ಎಂದರು ಮುಖ್ಯಸ್ಥರು.

ಕನ್ನಡಕದವ ತನ್ನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅವಳು ಅವನ ಹುಬ್ಬನ್ನೇ ನೋಡಿದಳು.

"ಕಿತ್ತಳೆ ಸಿಪ್ಪೆ," ಎಂದ.

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದಳು ಜಡೆಯವಳು.

"ಚಿನ್ನದ ನಾಲಿಗೆ ಮಾಡಿದ್ದು ಅಂದ್ಮೇಲೆ ಕೇಳಬೇಕಾ? ಎಷ್ಟು ಮೆದುವಾಗಿದೆ ನೋಡಿ." ಮುಖ್ಯಸ್ಥರು ಎರಡನೇ ತುಂಡಿಗೆ ಕೈ ಹಾಕಿದರು. ಉಳಿದಿಬ್ಬರೂ ಹಿಂದೆ ಬೀಳಲಿಲ್ಲ.

ಅವಳಿಗೆ ಹೋದ ಜೀವ ಬಂದಂತಾಯಿತು. ಪಾಪ, ಒಳ್ಳೆಯ ಜನ, ಸುಮ್ಮನೆ ಅನುಮಾನಪಟ್ಟೆ ಎಂದು ನಾಚಿಕೆಯೂ ಆಯಿತು. ಮುಖ್ಯಸ್ಥರು ನೀರಿನ ಜಗ್ಗು ಎತ್ತಿ ಗಟಗಟನೆ ಕುಡಿದರು. "ಇವತ್ತು ಯಾಕೋ ಸೆಕೆ," ಎಂದರು. ಜಡೆಯವಳು ಜಗ್ಗನ್ನು ಇಸಿದುಕೊಂಡಳು. ಕನ್ನಡಕದವನ ಸರದಿ ಬರುವಷ್ಟರಲ್ಲಿ ನೀರು ಮುಗಿದಿತ್ತು. ಮೂವರೂ ನೀರು ಹುಡುಕಿಕೊಂಡು ಕ್ಯಾಂಟೀನಿಗೆ ಹೊರಟರು.

ಕೊನೆಯ ತುಂಡನ್ನು ಅವಳು ಕಾಗದದಲ್ಲಿಟ್ಟುಕೊಂಡು ಹೊರಗೆ ಬಂದಳು. ನೆಲ ಒರೆಸುವ ದೊಡ್ಡಮ್ಮ ಬಕೆಟ್ಟಿನ ಪಕ್ಕ ಸುಧಾರಿಸಿಕೊಳ್ಳುತ್ತಿದ್ದಳು.

"ತಗೊಳ್ಳಿ ದೊಡ್ಡಮ್ಮ. ನಾನೇ ಮಾಡಿದ್ದು."

ದೊಡ್ಡಮ್ಮ ಆಸೆಯಿಂದ ದೊಡ್ಡ ತುತ್ತನ್ನೇ ಕಚ್ಚಿದಳು. ಮರುಕ್ಷಣವೇ ಬಗ್ಗಿ ಬಕೆಟ್ಟಿಗೆ ಉಗಿದು, ಸೆರಗಿನಿಂದ ನಾಲಿಗೆ ಒರೆಸಿಕೊಂಡಳು.

"ಬರೀ ಉಪ್ಪು ಕಣೇ ಮಗಳೇ. ಸಕ್ಕರೆ ಬದಲು ಉಪ್ಪು ಸುರಿದಿದ್ದೀಯಲ್ಲೇ. ಒಂದು ಚೂರೂ ಗಂಟಲಲ್ಲಿ ಇಳಿಯಲ್ಲ ಇದು. ಸದ್ಯ, ಒಳಗಿನವರಿಗೆ ಕೊಡೋಕೆ ಮುಂಚೆ ನನಗೆ ಕೊಟ್ಟೆ."

ಅವಳು ತಿರುಗಿ ನೋಡಿದಳು: ತೆರೆದ ಬಾಗಿಲಿನಾಚೆ ಮೇಜಿನ ಮೇಲೆ ನಾಲ್ಕು ತಟ್ಟೆಗಳೂ ಚೂರೂ ಉಳಿಯದಂತೆ ಖಾಲಿಯಾಗಿದ್ದವು, ಕಿಟಕಿಯಾಚೆ ಬೆಳಗಿನ ಹಿಟ್ಟು ತುಂಬಿದ ಲಾರಿ ಗೇಟು ದಾಟುತ್ತಿತ್ತು.