ಗೋಣಿ ಮರದ ಅರ್ಜಿ

ಬೀದಿಯ ಹಿರಿಯರಾದ ಮರಿಯಯ್ಯನವರು ಪೆನ್ನಿನ ಕ್ಯಾಪ್ ತೆಗೆದರು, ಅರ್ಜಿಯನ್ನು ಮಾತ್ರ ಓದಲಿಲ್ಲ. ಮೈಸೂರಿನ ನಜರ್‌ಬಾದಿನ ಆ ಬೀದಿಯಲ್ಲಿ ಬಿಂದುಶ್ರೀ ಬರೆದದ್ದನ್ನು ಸಹಿಗೆ ಮುಂಚೆ ಯಾರೂ ಓದುವುದಿಲ್ಲ. ಎಂ.ಎಸ್ಸಿ. ಮಾಡಿದ ಹುಡುಗಿ, ದುಂಡು ಅಕ್ಷರ. ನಲ್ಲಿ ನೀರಿಗಾಗಲಿ, ಟೆಲಿಫೋನ್ ಕಂಬಕ್ಕಾಗಲಿ ಅವಳು ಬರೆಯುತ್ತಾಳೆ, ಉಳಿದವರು ಸಹಿ ಹಾಕುತ್ತಾರೆ.

"ನನ್ನ ಸಂಡಿಗೆ ಮೇಲೆ ಹಕ್ಕಿಗಳು ಮಾಡೋ ಗಲೀಜು ಬರ್ದಿದೀಯಾ ತಾನೆ?" ಎಂದರು ಪಕ್ಕದ ಮನೆಯ ಸುಮಿತ್ರಮ್ಮ. "ಆ ಗೋಣಿ ಮರ ಕಡಿದ್ಬುಟ್ರೆ ಸಾಕು ಕಣಮ್ಮ. ಹಕ್ಕಿಗೇನು, ಬೇರೆ ಮರ ಇಲ್ವಾ?"

ಬಿಂದುಶ್ರೀ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬೇರೆ ಮರಗಳಿದ್ದವು, ಅವುಗಳಲ್ಲಿ ಹಣ್ಣಿರಲಿಲ್ಲ. ಈ ತಿಂಗಳು ಕುಟ್ರುಹಕ್ಕಿ, ಅಳಿಲು, ಬಾವಲಿ ಎಲ್ಲಕ್ಕೂ ಗೋಣಿ ಹಣ್ಣೊಂದೇ ಊಟ. ಆ ಒಂದು ಮರ ಹೋದರೆ ಅವೆಲ್ಲವೂ ಹೋಗುತ್ತವೆ. ಇದನ್ನು ಬಾಯಿಬಿಟ್ಟು ಹೇಳಲು ಮೂರು ದಿನ ಹೆಣಗಿ, ಆಗದೆ, ಕೊನೆಗೆ ಮರ ಕಡಿಸಿ ಎಂದು ಪಾಲಿಕೆಯನ್ನು ಕೇಳಬೇಕಿದ್ದ ಅರ್ಜಿಯಲ್ಲೇ ಉಲ್ಟಾ ಬರೆದುಬಿಟ್ಟಿದ್ದಳು: ದಯವಿಟ್ಟು ಈ ಮರವನ್ನು ಕಡಿಯಬೇಡಿ. ಎಲ್ಲರೂ ಎಂದಿನಂತೆ ಕಣ್ಣುಮುಚ್ಚಿ ಸಹಿ ಹಾಕಿದರೆ ಮರ ಉಳಿಯುತ್ತಿತ್ತು.

ಮರಿಯಯ್ಯನವರು ಹೆಸರಿನ ಮೊದಲ ಅಕ್ಷರ ಬರೆದರು. ಬಿಂದುಶ್ರೀಯ ಅಂಗೈ ಕಾಗದದ ಮೇಲೆ ಬಿತ್ತು.

"ಅಂಕಲ್, ಓದಿ ಹಾಕಿ."

"ನೀನು ಬರೆದ್ಮೇಲೆ ಓದೋದೇನಮ್ಮ?"

"ಕಡೀಬೇಡಿ ಅಂತ ಬರ್ದಿದೀನಿ."

ಸುಮಿತ್ರಮ್ಮ "ನೋಡಿ ಇವಳನ್ನ" ಎಂದರು. ಮರಿಯಯ್ಯನವರು ಪೆನ್ನು ಕೆಳಗಿಟ್ಟು ಅವಳ ಮುಖವನ್ನೇ ನೋಡಿದರು.

"ಯಾಕೆ?"

ಬಿಂದುಶ್ರೀ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟು, ಹೇಳತೊಡಗಿದಳು.