ಬೀಳ್ಕೊಡುಗೆಗೆ ಬಂದ ಆಸ್ಥಾನಕವಿ

ನಮ್ಮ ವಿಶ್ವವಿದ್ಯಾಲಯದಲ್ಲಿ ಹಳಗನ್ನಡದ ಪ್ರಾಧ್ಯಾಪಕರು ನಿವೃತ್ತರಾದರೆ, ಅವರು ಜೀವಮಾನವಿಡೀ ಓದಿದ ಕವಿಯನ್ನೇ ಎಬ್ಬಿಸಿ ಸಮಾರಂಭಕ್ಕೆ ಕರೆಸುತ್ತಾರೆ. ಹಾಗಾಗಿ ಸಾವಿರ ವರ್ಷದ ಹಿಂದಿನ ಸೋವಿಭಟ್ಟ ಇವತ್ತು ನನ್ನ ಬೀಳ್ಕೊಡುಗೆಯಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ ಗೋಡಂಬಿ ಮೆಲ್ಲುತ್ತಿದ್ದ. ಹಿಂದಿನವರ ಬೀಳ್ಕೊಡುಗೆಗಳಿಗೆ ಎದ್ದೆದ್ದು ಬಂದು ಅವನಿಗೆ ಧಾರವಾಡದ ಮಾತೂ ರೂಢಿಯಾಗಿದೆ.

ಅವನ ಕಾವ್ಯದ ತುಂಬ ರಾಜನ ಹೊಗಳಿಕೆ. ಅದೆಲ್ಲ ವ್ಯಂಗ್ಯ, ಒಳಗೊಳಗೇ ರಾಜನನ್ನು ಅಣಕಿಸಿದ್ದಾನೆ ಎಂದು ಸಾಧಿಸಿಯೇ ನಾನು ಡಾಕ್ಟರೇಟು, ಪೀಠ, ಪ್ರಶಸ್ತಿ ಎಲ್ಲ ಪಡೆದದ್ದು.

ಮೈಕ್ ಹಿಡಿದು ಕೇಳಿದೆ: “ಕವಿಗಳೇ, ನೀವು ರಾಜನ್ನ ಅಣಕಿಸೇ ಬರದೀರಿ, ಹೌದಲ್ರಿ?”

“ಛೇ, ಯಾಕ್ ಅಣಕಸಲ್ರಿ? ಉಂಬಳಿ ಕೊಟ್ಟಿದ್ರು. ಮನಸಾರೆ ಹೊಗಳೀನಿ.”

ಸಭೆ ಗೊಳ್ಳೆಂದಿತು. ಅಷ್ಟು ಸಾಲದೆಂಬಂತೆ ಅವನು ಕುಲಪತಿಗಳತ್ತ ತಿರುಗಿ, ರಾಜನ ಹೆಸರಿದ್ದ ಕಡೆ ಅವರ ಹೆಸರಿಟ್ಟು ಅದೇ ಹೊಗಳಿಕೆಯ ಪದ್ಯವೊಂದನ್ನು ಹಾಡಿದ. ಥೂ, ಬೆನ್ನುಮೂಳೆಯೇ ಇಲ್ಲದ ಪ್ರಾಣಿ! ಇಂಥವನನ್ನು ಓದಿ ಓದಿ ಕಣ್ಣು ಹಾಳುಮಾಡಿಕೊಂಡೆನಲ್ಲ!

ಆಮೇಲೆ ನನ್ನ ಭಾಷಣ. ಈ ಕುಲಪತಿ ಪುಸ್ತಕ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಆದರೆ ನನಗೆ ಗೌರವ ಪ್ರಾಧ್ಯಾಪಕಿ ಹುದ್ದೆ, ವಿಭಾಗದಲ್ಲೊಂದು ಕೋಣೆ ಕೊಡುವುದು ಅವರ ಕೈಯಲ್ಲಿತ್ತು. “ವಿದ್ಯಾಸಾಗರರು, ಕನ್ನಡದ ಕಲ್ಪವೃಕ್ಷ” ಎಂದು ಶುರುಮಾಡಿದವಳು ಅವರೇ ನಾಚಿ ತಲೆತಗ್ಗಿಸುವವರೆಗೆ ನಿಲ್ಲಿಸಲಿಲ್ಲ.

ಬಂದು ಕುಳಿತಾಗ ಸೋವಿಭಟ್ಟ ನನ್ನ ಕಿವಿಯ ಹತ್ತಿರ ಬಾಗಿದ. ಅವನ ಮುಖದಲ್ಲಿ ಕುಹಕವಿರಲಿಲ್ಲ. ಒಬ್ಬ ಕಸುಬುದಾರ ಇನ್ನೊಬ್ಬರನ್ನು ವಿಚಾರಿಸುವ ಕುತೂಹಲವಷ್ಟೇ ಇತ್ತು.

“ಅಕ್ಕೋರ, ನಿಮ್ದೂ ವ್ಯಂಗ್ಯ ಏನ್ರಿ?”